ಸಿಗ್ನಲ್‌ನಲ್ಲಿ ನಿಂತರೆ ಗಾಡಿ ನಡುಗುತ್ತದೆ, ಏರ್ ಫ್ಲೋ ಸೆನ್ಸರ್ ಬದಲಿಸಬೇಕಂತೆ. ನಿಜಾನಾ?

ಗವಿಪುರ_ಆಲ್ಟಿಸ್

ಎಲ್ಲರಿಗೂ ನಮಸ್ಕಾರ. ಗಾಡಿ 2012ರ ಕೊರೊಲಾ ಆಲ್ಟಿಸ್, 1.8 ಪೆಟ್ರೋಲ್, ಮ್ಯಾನ್ಯುವಲ್. 1,18,000 ಕಿ.ಮೀ. ಓಡಿದೆ. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಏನೂ ತೊಂದರೆ ಇಲ್ಲ. ಎಂಜಿನ್ ಬಿಸಿಯಾದ ಮೇಲೆ ಶುರು. ನ್ಯೂಟ್ರಲ್‌ನಲ್ಲಿ ನಿಂತರೆ ಆರ್‌ಪಿಎಂ ಮುಳ್ಳು 500ಕ್ಕೆ ಇಳಿಯುತ್ತದೆ, ಆಮೇಲೆ 900ಕ್ಕೆ ಹಾರುತ್ತದೆ, ಮತ್ತೆ ಇಳಿಯುತ್ತದೆ. ಸ್ಟೀರಿಂಗು, ಸೀಟು ಎಲ್ಲ ನಡುಗುತ್ತದೆ. ಎಸಿ ಹಾಕಿದರೆ ಇನ್ನೂ ಜಾಸ್ತಿ. ಮೊನ್ನೆ ಮಿನರ್ವ ಸರ್ಕಲ್‌ನಲ್ಲಿ ಆಫ್ ಆಗಿಯೇ ಹೋಯಿತು. ಹಿಂದೆ ಬಿಎಂಟಿಸಿ ಬಸ್ಸು. ಆ ಡ್ರೈವರ್ ಹಾರ್ನ್ ಮೇಲಿಟ್ಟ ಕೈ ತೆಗೆಯಲೇ ಇಲ್ಲ.

ಗ್ಯಾರೇಜಿಗೆ ಬಿಟ್ಟೆ. ಪ್ಲಗ್ ಬದಲಿಸಿದರು, ಥ್ರಾಟಲ್ ಬಾಡಿ (ಎಂಜಿನ್‌ಗೆ ಗಾಳಿ ಬಿಡುವ ಕವಾಟ) ತೊಳೆದರು. ಏನೂ ವ್ಯತ್ಯಾಸ ಕಾಣಲಿಲ್ಲ. ಈಗ ಮಾಸ್ ಏರ್ ಫ್ಲೋ ಸೆನ್ಸರ್ (ಎಂಜಿನ್‌ಗೆ ಹೋಗುವ ಗಾಳಿ ಅಳೆಯುವುದು) ಹೋಗಿದೆ, ಹೊಸದು ಹಾಕಬೇಕು ಅನ್ನುತ್ತಿದ್ದಾರೆ. ಬೆಲೆ ಕೇಳಿ ಗಾಬರಿ ಆಯಿತು. ಅದನ್ನು ಸ್ಪ್ರೇ ಹೊಡೆದು ಕ್ಲೀನ್ ಮಾಡಬಹುದು ಎಂದು ಓದಿದ್ದೇನೆ. ನಾನೇ ಮಾಡಬಹುದಾ?

ಕೆಂಗೇರಿ_ಸ್ವಿಫ್ಟ್

ಧಾರಾಳವಾಗಿ ಮಾಡಬಹುದು ಗುರು. ಎರಡು ಸ್ಕ್ರೂ ಬಿಚ್ಚಿ, ಕಾರ್ಬ್ ಕ್ಲೀನರ್ ಹೊಡೆದು, ಇಯರ್ ಬಡ್‌ನಲ್ಲಿ ಒರೆಸಿ ಹಾಕಿಬಿಡಿ. ಹತ್ತು ನಿಮಿಷದ ಕೆಲಸ.

ಜೆಸಿರೋಡ್_ಮಾವ

ಅಯ್ಯೋ, ಹಾಗೆಲ್ಲ ಮಾಡಬೇಡಿ. ಕಾರ್ಬ್ ಕ್ಲೀನರ್ ಇರುವುದು ಥ್ರಾಟಲ್ ಬಾಡಿಯಲ್ಲಿ ಕಟ್ಟಿದ ಕರಿ ಕರಗಿಸುವುದಕ್ಕೆ. ಅದು ಸೆನ್ಸರ್‌ನ ಪ್ಲಾಸ್ಟಿಕ್ ತಿನ್ನಬಹುದು, ಮೇಲೆ ಜಿಡ್ಡಿನ ಪದರವನ್ನೂ ಬಿಡಬಹುದು. ಇಯರ್ ಬಡ್ ಅಂತೂ ಕೊಲೆ. ಒಳಗಿರುವುದು ಕೂದಲೆಳೆಯಂಥ ತಂತಿ. ಮುಟ್ಟಿದರೆ ಹೋಯಿತು, ಆಮೇಲೆ ಗ್ಯಾರೇಜಿನವನು ಹೇಳಿದ ರೇಟಿಗೆ ಹೊಸದೇ ಗತಿ.

ಸೆನ್ಸರ್ ವಿಷಯ ಆಮೇಲೆ ನೋಡೋಣ. ಆಲ್ಟಿಸ್ ಸಾರ್, ಚೆಕ್ ಎಂಜಿನ್ ಲೈಟ್ ಬಂದಿತ್ತಾ?

ಗವಿಪುರ_ಆಲ್ಟಿಸ್

ಬಂದಿತ್ತು ಸರ್. ಗ್ಯಾರೇಜಿನಲ್ಲಿ ಸ್ಕ್ಯಾನರ್ ಹಾಕಿ ತೆಗೆದುಹಾಕಿದರು. ಯಾವ ದೋಷದ ಕೋಡ್ ಅಂತ ಕೇಳಿದರೆ "ಏರ್ ಫ್ಲೋದು ಸರ್" ಅಂದರು, ನಂಬರ್ ಹೇಳಲಿಲ್ಲ.

ಜೆಸಿರೋಡ್_ಮಾವ

ಇದೇ ನೋಡಿ ಕೋಪ ಬರುವುದು. ಕೋಡ್ ಬರೆದುಕೊಳ್ಳದೆ ಅಳಿಸಿದರೆ ಅದರ ಜೊತೆ ಫ್ರೀಜ್ ಫ್ರೇಮ್ ಕೂಡ ಹೋಗುತ್ತದೆ. ಲೈಟ್ ಬಂದ ಕ್ಷಣದಲ್ಲಿ ಎಂಜಿನ್ ಎಷ್ಟು ಬಿಸಿ ಇತ್ತು, ಆರ್‌ಪಿಎಂ ಎಷ್ಟು, ಗಾಡಿ ನಿಂತಿತ್ತಾ ಓಡುತ್ತಿತ್ತಾ, ಎಲ್ಲ ಅದರಲ್ಲಿ ಇರುತ್ತದೆ. ಅರ್ಧ ಕೆಲಸ ಅಲ್ಲೇ ಮುಗಿಯುತ್ತಿತ್ತು.

ಗಾಡಿ ನಡುಗುವುದರಲ್ಲಿ ಮೂರು ಥರ ಇದೆ. ಮುಳ್ಳು ಒಂದೇ ಕಡೆ ಗಟ್ಟಿಯಾಗಿ ನಿಂತಿದೆ, ಬಾಡಿ ಮಾತ್ರ ಗಡಗಡ ಅಂದರೆ ಮೊದಲು ಎಂಜಿನ್ ಮೌಂಟಿಂಗ್ (ಎಂಜಿನ್ ಕೂರುವ ರಬ್ಬರ್ ಆಧಾರ) ನೋಡಬೇಕು. ಮುಳ್ಳು ಸ್ವಲ್ಪವೇ ಅಲುಗುತ್ತದೆ, ಸೈಲೆನ್ಸರ್ ಹತ್ತಿರ ಕೈ ಹಿಡಿದರೆ ಪುಫ್ ಪುಫ್ ಅಂತ ಒಂದೇ ಸಮ ತಪ್ಪುತ್ತಿದೆ ಅಂದರೆ ಒಂದು ಸಿಲಿಂಡರ್ ಮಿಸ್ಸಿಂಗ್, ಅಂದರೆ ಅದರಲ್ಲಿ ಪೆಟ್ರೋಲ್ ಸರಿಯಾಗಿ ಉರಿಯುತ್ತಿಲ್ಲ. ಅದಕ್ಕೆ ಕಾಯಿಲ್, ಪ್ಲಗ್, ಇಂಜೆಕ್ಟರ್ ನೋಡಬೇಕು. ನಿಮ್ಮದು ಮೂರನೆಯದು, ಮುಳ್ಳೇ ಏರಿಳಿಯುತ್ತಿದೆ. ಎಂಜಿನ್‌ಗೆ ಗಾಳಿಯ ಲೆಕ್ಕ ತಪ್ಪಿದಾಗ ಹೀಗಾಗುವುದು. ಲೆಕ್ಕ ತಪ್ಪಲು ಸೆನ್ಸರ್ ಕಾರಣ ಇರಬಹುದು, ಸೆನ್ಸರ್ ದಾಟಿದ ಮೇಲೆ ಎಲ್ಲೋ ಕಳ್ಳದಾರಿಯಲ್ಲಿ ಏರ್ ಎಳೆಯುತ್ತಿರಲೂಬಹುದು. ಥ್ರಾಟಲ್ ತೊಳೆದ ಮೇಲೆ ಎಂಜಿನ್ ಕಂಪ್ಯೂಟರ್‌ಗೆ ಐಡಲ್ (ಆಕ್ಸಿಲರೇಟರ್ ಒತ್ತದೆ ಓಡುವ ವೇಗ) ಕಲಿಸದೇ ಬಿಟ್ಟರೂ ಸ್ವಲ್ಪ ದಿನ ಹೀಗೆ ಆಡುತ್ತದೆ, ಆದರೆ ನಿಮಗೆ ಅದಕ್ಕೂ ಮೊದಲೇ ಇತ್ತಲ್ವಾ.

ಸ್ಕ್ಯಾನರ್_ಸ್ವಾಮಿ

ಮಾವ ಹೇಳಿದ ಈ ಎರಡರಲ್ಲಿ ಯಾವುದು ಅಂತ ಬಾನೆಟ್ ಎತ್ತದೆಯೇ ಹೇಳಬಹುದು. ಗಾಡಿಯ ಕೋಡ್ ಓದುವ ಒಂದು ಬ್ಲೂಟೂತ್ ಒಬಿಡಿ ಡಾಂಗಲ್ ತೆಗೆದುಕೊಳ್ಳಿ, ಫೋನಿಗೆ ಆಪ್ ಹಾಕಿಕೊಳ್ಳಿ. ಸ್ಟೀರಿಂಗ್ ಕೆಳಗೆ 16 ಪಿನ್‌ನ ಸಾಕೆಟ್ ಇದೆ.

ಆಪ್‌ನಲ್ಲಿ ಶಾರ್ಟ್ ಟರ್ಮ್ ಫ್ಯುಯಲ್ ಟ್ರಿಮ್, ಲಾಂಗ್ ಟರ್ಮ್ ಫ್ಯುಯಲ್ ಟ್ರಿಮ್ ಅಂತ ಎರಡು ಅಂಕಿ ಸಿಗುತ್ತವೆ. ಗಾಳಿ ಇಷ್ಟು ಬಂತು ಎಂದು ಸೆನ್ಸರ್ ಹೇಳುತ್ತದೆ, ಇಸಿಯು, ಅಂದರೆ ಎಂಜಿನ್ ಕಂಪ್ಯೂಟರ್, ಅದಕ್ಕೆ ತಕ್ಕ ಪೆಟ್ರೋಲ್ ಹಾಕುತ್ತದೆ. ಉರಿದ ಮೇಲೆ ಸೈಲೆನ್ಸರ್ ದಾರಿಯಲ್ಲಿರುವ ಆಕ್ಸಿಜನ್ ಸೆನ್ಸರ್ "ಪೆಟ್ರೋಲ್ ಸಾಲಲಿಲ್ಲ" ಅಥವಾ "ಜಾಸ್ತಿ ಆಯಿತು" ಎಂದು ವರದಿ ಕೊಡುತ್ತದೆ. ಆ ವರದಿ ನೋಡಿ ಇಸಿಯು ಮಾಡುವ ತಿದ್ದುಪಡಿಯೇ ಟ್ರಿಮ್. ಶಾರ್ಟ್ ಎಂದರೆ ಈ ಕ್ಷಣದ ತಿದ್ದುಪಡಿ, ಲಾಂಗ್ ಎಂದರೆ ಅದು ಕಲಿತು ಇಟ್ಟುಕೊಂಡಿರುವುದು. ಎರಡನ್ನೂ ಕೂಡಿಸಿ ನೋಡಬೇಕು. ಪ್ಲಸ್ ಇದ್ದರೆ ಪೆಟ್ರೋಲ್ ಸೇರಿಸುತ್ತಿದೆ, ಮೈನಸ್ ಇದ್ದರೆ ಕಡಿಮೆ ಮಾಡುತ್ತಿದೆ. 5 ಶೇಕಡ ಆಚೀಚೆ ಇದ್ದರೆ ಆರಾಮ. 10 ದಾಟಿದರೆ ಹುಡುಕಲು ಶುರು ಮಾಡಿ. 20ರ ಮೇಲೆ ಹೋಗಿ ಅಲ್ಲೇ ಕೂತರೆ ಪಿ0171 ಬರುತ್ತದೆ, ಅಂದರೆ ಪೆಟ್ರೋಲ್ ಕಡಿಮೆ, ಗಾಳಿ ಜಾಸ್ತಿ.

ಈಗ ಮುಖ್ಯವಾದದ್ದು. ಎಂಜಿನ್ ಪೂರ್ತಿ ಬಿಸಿಯಾಗಲಿ, ಎಸಿ ಆಫ್ ಇರಲಿ. ಐಡಲ್‌ನಲ್ಲಿ ಎರಡೂ ಟ್ರಿಮ್ ಕೂಡಿಸಿ ಬರೆದುಕೊಳ್ಳಿ. ಆಮೇಲೆ ಆಕ್ಸಿಲರೇಟರ್ ಒತ್ತಿ 2500ರಲ್ಲಿ ಒಂದು ನಿಮಿಷ ಹಿಡಿದು ಮತ್ತೆ ಬರೆದುಕೊಳ್ಳಿ.

ಗಾಳಿ ಸೋರಿಕೆ ಇದ್ದರೆ ಐಡಲ್‌ನಲ್ಲಿ ಟ್ರಿಮ್ ತುಂಬಾ ಮೇಲೆ, 2500ರಲ್ಲಿ ಕೆಳಗೆ ಬರುತ್ತದೆ. ತೂತು ಅಷ್ಟೇ ಇರುತ್ತದೆ, ಆದರೆ ಐಡಲ್‌ನಲ್ಲಿ ಮ್ಯಾನಿಫೋಲ್ಡ್ (ಸಿಲಿಂಡರ್‌ಗಳಿಗೆ ಗಾಳಿ ಹಂಚುವ ಕೊಳವೆ) ಎಳೆತ ಜಾಸ್ತಿ, ಒಟ್ಟು ಗಾಳಿ ಕಡಿಮೆ. ಅದರಲ್ಲಿ ಕಳ್ಳಗಾಳಿಯ ಪಾಲು ದೊಡ್ಡದು. ಏರ್ ಫ್ಲೋ ಸೆನ್ಸರ್ ಕೊಳಕಾಗಿದ್ದರೆ ಇದಕ್ಕೆ ಉಲ್ಟಾ. ಗಾಳಿ ಜಾಸ್ತಿ ಆದಷ್ಟೂ ಅದು ಸುಳ್ಳು ಹೇಳುವುದು ಜಾಸ್ತಿ. ಎರಡು ಕಡೆಯೂ ಸಮನಾಗಿ ಮೇಲಿದ್ದರೆ ಪೆಟ್ರೋಲ್ ಪ್ರೆಶರ್ ಅಥವಾ ಪೆಟ್ರೋಲಿನದೇ ಗುಣ.

ಬೆಳಿಗ್ಗೆ ತೊಂದರೆ ಯಾಕಿಲ್ಲ ಅಂದರೆ, ತಣ್ಣಗಿದ್ದಾಗ ಇಸಿಯು ಆಕ್ಸಿಜನ್ ಸೆನ್ಸರ್ ಮಾತು ಕೇಳುವುದಿಲ್ಲ. ಪೆಟ್ರೋಲ್ ಸ್ವಲ್ಪ ಜಾಸ್ತಿ ಸುರಿದು, ಆರ್‌ಪಿಎಂ ಎತ್ತರಿಸಿ ಓಡಿಸುತ್ತದೆ. ಅದರಲ್ಲಿ ರೋಗ ಮುಚ್ಚಿಹೋಗುತ್ತದೆ.

ಕೆಂಗೇರಿ_ಸ್ವಿಫ್ಟ್

ಸ್ವಾಮಿಗಳೇ, ನನ್ನ ಹತ್ತಿರ ಡಾಂಗಲ್ ಇದೆ, ನೋಡಿದೆ. ಟ್ರಿಮ್ ಎಲ್ಲ 3ರ ಒಳಗಿದೆ. ಆದರೆ ನನ್ನ ಸ್ವಿಫ್ಟ್ ಪೆಟ್ರೋಲ್‌ನಲ್ಲಿ ಏರ್ ಫ್ಲೋ ಸೆನ್ಸರ್ ಎಲ್ಲಿದೆ ಅಂತಲೇ ಸಿಗುತ್ತಿಲ್ಲ. ಫಿಲ್ಟರ್ ಬಾಕ್ಸ್ ಸುತ್ತ ಎಲ್ಲ ತಡಕಿದೆ.

ಸ್ಕ್ಯಾನರ್_ಸ್ವಾಮಿ

ಇದ್ದರಲ್ವಾ ಸಿಗುವುದು! ನಿಮ್ಮ ಕೆ12 ಎಂಜಿನ್‌ನಲ್ಲಿ ಇರುವುದು ಮ್ಯಾಪ್ ಸೆನ್ಸರ್. ಅದು ಗಾಳಿಯನ್ನು ಅಳೆಯುವುದಿಲ್ಲ, ಮ್ಯಾನಿಫೋಲ್ಡ್ ಒಳಗಿನ ಒತ್ತಡವನ್ನು ಅಳೆಯುತ್ತದೆ. ಒತ್ತಡ, ಉಷ್ಣತೆ, ಆರ್‌ಪಿಎಂ ಮೂರನ್ನೂ ಸೇರಿಸಿ ಗಾಳಿ ಎಷ್ಟು ಎಂದು ಇಸಿಯು ಲೆಕ್ಕ ಹಾಕಿಕೊಳ್ಳುತ್ತದೆ. ನಮ್ಮ ಸಣ್ಣ ಪೆಟ್ರೋಲ್ ಕಾರುಗಳಲ್ಲಿ ಬಹಳಷ್ಟಕ್ಕೆ ಇದೇ ಪದ್ಧತಿ. ಆದ್ದರಿಂದ ಮಾಫ್ (ಮಾಸ್ ಏರ್ ಫ್ಲೋ) ಕ್ಲೀನರ್ ಕೊಳ್ಳುವ ಮೊದಲು ಗಾಡಿಯಲ್ಲಿ ಆ ಸೆನ್ಸರ್ ಇದೆಯಾ ನೋಡಿಕೊಳ್ಳಿ.

ಒಂದು ಮಜಾ ಪರೀಕ್ಷೆ ಇದೆ. ಎಂಜಿನ್ ಸ್ಟಾರ್ಟ್ ಮಾಡದೆ ಕೀ ಆನ್ ಮಾಡಿ ಮ್ಯಾಪ್ ಓದಿ. ಬೆಂಗಳೂರಿನಲ್ಲಿ ಸುಮಾರು 91 ಕಿಲೋಪ್ಯಾಸ್ಕಲ್ ಬರಬೇಕು. ನಾವಿರುವುದು ಸಮುದ್ರ ಮಟ್ಟದಿಂದ ಸುಮಾರು 920 ಮೀಟರ್ ಮೇಲೆ. ಆ ಅಂಕಿ ಬಂದರೆ ಸೆನ್ಸರ್ ನೆಟ್ಟಗಿದೆ. ಸ್ಟಾರ್ಟ್ ಆಗಿ ಬಿಸಿಯಾದ ಮೇಲೆ ಐಡಲ್‌ನಲ್ಲಿ 30ರಿಂದ 40ರ ನಡುವೆ ಇಳಿಯಬೇಕು.

ಮಂಗ್ಳೂರ್_ಘಾಟಿ

ನಮ್ಮಲ್ಲಿ 101 ತೋರಿಸುತ್ತದೆ ಮಾರಾಯ್ರೆ. ಶಿರಾಡಿ ಘಾಟಿ ಹತ್ತಿ ಸಕಲೇಶಪುರದಲ್ಲಿ ಚಾ ಕುಡಿಯಲು ನಿಲ್ಲಿಸಿದಾಗ ನೋಡಿದರೆ ನಿಮ್ಮ ಬೆಂಗಳೂರಿನ ಲೆಕ್ಕಕ್ಕೇ ಬಂದಿರುತ್ತದೆ. ಯೂಟ್ಯೂಬಿನಲ್ಲಿ ಅಮೆರಿಕದವರು 100 ಬರಬೇಕು ಎಂದು ಹೇಳುವುದು ಕೇಳಿ ಬೆಂಗಳೂರಿನವರು ಒಳ್ಳೆಯ ಸೆನ್ಸರನ್ನೇ ಬಿಸಾಡಬೇಡಿ.

ಗವಿಪುರ_ಆಲ್ಟಿಸ್

ಡಾಂಗಲ್ ತಂದೆ. ಸ್ವಾಮಿಯವರು ಹೇಳಿದ ಹಾಗೇ ಮಾಡಿದೆ. ಲೈಟ್ ಇನ್ನೂ ಬಂದಿಲ್ಲ, ಆದರೆ ಪೆಂಡಿಂಗ್‌ನಲ್ಲಿ ಪಿ0171 ಕೂತಿದೆ. ಐಡಲ್‌ನಲ್ಲಿ ಲಾಂಗ್ 18, ಶಾರ್ಟ್ 4ರ ಆಸುಪಾಸು. ಒಟ್ಟು ಪ್ಲಸ್ 22. 2500ರಲ್ಲಿ ಒಟ್ಟು ಪ್ಲಸ್ 8. ಏರ್ ಫ್ಲೋ ಐಡಲ್‌ನಲ್ಲಿ ಸೆಕೆಂಡಿಗೆ 1.2 ಗ್ರಾಂ ತೋರಿಸುತ್ತದೆ.

ಸ್ಕ್ಯಾನರ್_ಸ್ವಾಮಿ

22ರಿಂದ 8ಕ್ಕೆ ಇಳಿದಿದೆ. ಸೋರಿಕೆ. ಒಂದು ಲೀಟರ್ ಎಂಜಿನ್‌ಗೆ ಐಡಲ್‌ನಲ್ಲಿ ಹೆಚ್ಚುಕಡಿಮೆ ಸೆಕೆಂಡಿಗೆ ಒಂದು ಗ್ರಾಂ ಗಾಳಿ ಎನ್ನುವುದು ಕೈ ಲೆಕ್ಕ. ನಿಮ್ಮ 1.8ಕ್ಕೆ ಒಂದೂಮುಕ್ಕಾಲರ ಹತ್ತಿರ ಇರಬೇಕಿತ್ತು. 1.2 ಎಂದರೆ ಉಳಿದ ಗಾಳಿ ಸೆನ್ಸರ್ ಕಣ್ಣು ತಪ್ಪಿಸಿ ಒಳಗೆ ಹೋಗುತ್ತಿದೆ. ಈಗ ಹೊಸ ಸೆನ್ಸರ್ ಹಾಕಿಸಿದ್ದರೂ ಗಾಡಿ ಹಾಗೇ ನಡುಗುತ್ತಿತ್ತು. 2500ರಲ್ಲೂ 8 ಉಳಿದಿದೆಯಲ್ಲ, ಅದು ಬೇರೆ ಕಥೆ. ಮೊದಲು ತೂತು ಹುಡುಕಿ.

ಕೆಂಗೇರಿ_ಸ್ವಿಫ್ಟ್

ಊದುಬತ್ತಿ ಹಚ್ಚಿ ಹೋಸ್‌ಗಳ ಹತ್ತಿರ ಹಿಡಿದರೆ ಹೊಗೆ ಎಲ್ಲಿ ಎಳೆಯುತ್ತದೆ ಅಂತ ಗೊತ್ತಾಗುತ್ತದಂತೆ. ಮಾಡಿ ನೋಡಬಹುದಾ?

ಜೆಸಿರೋಡ್_ಮಾವ

ಪೆಟ್ರೋಲ್ ಪೈಪ್ ಪಕ್ಕದಲ್ಲಿ ಊದುಬತ್ತಿ ಹಿಡಿದರೆ ಆಮೇಲೆ ಗಾಡಿಗೆ ಮಂಗಳಾರತಿ ಆಗುತ್ತದೆ. ನಿಮ್ಮ ಐಡಿಯಾಗಳನ್ನೆಲ್ಲ ಒಂದು ಪುಸ್ತಕದಲ್ಲಿ ಬರೆದಿಟ್ಟುಕೊಳ್ಳಿ ಮಗಾ, ಏನೇನು ಮಾಡಬಾರದು ಅಂತ ಎಲ್ಲರಿಗೂ ಹಂಚೋಣ.

ಆಲ್ಟಿಸ್ ಸಾರ್, ಮೊದಲು ಕಿವಿ ಕೊಡಿ. ಎಂಜಿನ್ ಐಡಲ್‌ನಲ್ಲಿ ಬಿಟ್ಟು, ಫ್ಯಾನ್ ನಿಂತಾಗ ಬಗ್ಗಿ ಕೇಳಿ. ಸುಸ್ಸ್ ಎನ್ನುವ ಸದ್ದು ಬಹಳ ಸಲ ಬರಿಗಿವಿಗೇ ಸಿಗುತ್ತದೆ. ಸಿಗದಿದ್ದರೆ ನೋಸ್ ಪ್ಲೈಯರ್‌ಗೆ ಬಟ್ಟೆ ಸುತ್ತಿ, ಮ್ಯಾನಿಫೋಲ್ಡ್‌ಗೆ ಹೋಗುವ ಒಂದೊಂದು ಹೋಸನ್ನೂ ಮೆತ್ತಗೆ ಹಿಸುಕಿ. ಯಾವುದನ್ನು ಹಿಸುಕಿದಾಗ ಐಡಲ್ ಸರಿಹೋಗುತ್ತದೋ, ಸೋರುವುದು ಅದರಾಚೆ. ಬ್ರೇಕ್ ಒತ್ತುವುದನ್ನು ಹಗುರ ಮಾಡುವ ಬೂಸ್ಟರ್‌ನ ಹೋಸ್ ಮರೆಯಬೇಡಿ. ಅದನ್ನು ಹಿಸುಕಿದಾಗ ಸರಿಹೋದರೆ ಬೂಸ್ಟರ್ ಒಳಗಿನ ಡಯಾಫ್ರಂ ಹೋಗಿದೆ ಅಂತ. ಬ್ರೇಕ್ ವಿಷಯ, ಆಮೇಲೆ ನೋಡೋಣ ಅನ್ನುವ ಹಾಗಿಲ್ಲ. ಪರ್ಜ್ ವಾಲ್ವ್ (ಟ್ಯಾಂಕಿನ ಪೆಟ್ರೋಲ್ ಆವಿಯನ್ನು ಎಂಜಿನ್‌ಗೆ ಬಿಡುವುದು) ಹೋಸನ್ನೂ ಹಿಸುಕಿ ನೋಡಿ. ಪೆಟ್ರೋಲ್ ಹಾಕಿಸಿದ ತಕ್ಷಣ ಗಾಡಿ ಸ್ಟಾರ್ಟ್ ಆಗಲು ಒದ್ದಾಡಿದರೆ ಅದರ ಮೇಲೇ ಮೊದಲ ಅನುಮಾನ.

ಆಮೇಲೆ ಏರ್ ಫಿಲ್ಟರ್‌ನಿಂದ ಥ್ರಾಟಲ್‌ಗೆ ಬರುವ ದಪ್ಪ ರಬ್ಬರ್ ಪೈಪ್. ಅದರ ಮಡಿಕೆಗಳ ಸಂದಿಯಲ್ಲಿ ಬಿರುಕು ಬಿಡುತ್ತದೆ. ಗಾಡಿ ನಿಂತಿದ್ದಾಗ ಮುಚ್ಚಿಕೊಂಡಿರುತ್ತದೆ, ಎಂಜಿನ್ ಎಳೆದಾಗ ಬಾಯಿ ಬಿಡುತ್ತದೆ. ಕೈಯಲ್ಲಿ ಅಗಲಿಸಿ ನೋಡಬೇಕು. ಗ್ಯಾಸ್ಕೆಟ್ ಸುತ್ತ ಸೋಪು ನೀರು ಚಿಮುಕಿಸಿದರೆ ಸಾಕು, ಅಲ್ಲಿ ಎಳೆದುಕೊಂಡ ತಕ್ಷಣ ಐಡಲ್ ಬದಲಾಗುತ್ತದೆ. ಕನೆಕ್ಟರ್, ಕಾಯಿಲ್ ಮೇಲೆ ನೀರು ಬೀಳಬಾರದು. ಕಾರ್ಬ್ ಕ್ಲೀನರ್ ಹೊಡೆದು ಹುಡುಕುವವರಿದ್ದಾರೆ. ನಮ್ಮ ಹುಡುಗರೂ ಮಾಡುತ್ತಾರೆ, ಬೆಂಕಿ ಆರಿಸುವ ಸಿಲಿಂಡರ್ ಪಕ್ಕದಲ್ಲಿಟ್ಟುಕೊಂಡು. ಮನೆಯ ಬೇಸ್‌ಮೆಂಟ್‌ನಲ್ಲಿ ಬೇಡ.

ಗವಿಪುರ_ಆಲ್ಟಿಸ್

ಸಿಕ್ಕಿತು!! ಎಂಜಿನ್ ಮೇಲಿನ ಪ್ಲಾಸ್ಟಿಕ್ ಕವರ್ ಎತ್ತಿದೆ. ಒಳಗೆ ಕಡಲೆಕಾಯಿ ಸಿಪ್ಪೆ. ಒಂದೆರಡಲ್ಲ, ಒಂದು ಬೊಗಸೆ. ಎಂಜಿನ್ ಒಳಗಿನ ಆಯಿಲ್ ಆವಿ ಹೊರಬಿಡುವ ಪಿಸಿವಿ ವಾಲ್ವ್‌ನಿಂದ ಮ್ಯಾನಿಫೋಲ್ಡ್‌ಗೆ ಹೋಗುವ ಹೋಸ್ ಮೇಲಿನಿಂದ ನೋಡಿದರೆ ಹೊಸದರ ಹಾಗಿದೆ. ಬೆರಳು ಹಾಕಿ ಕೆಳಗಡೆ ಸವರಿದರೆ ಒರಟೊರಟು. ಫೋನಿನ ಕ್ಯಾಮೆರಾ ತೂರಿಸಿ ನೋಡಿದೆ. ಜೋಡಿ ಜೋಡಿ ಹಲ್ಲಿನ ಗುರುತು, ನಡುವೆ ಒಂದು ಕಡೆ ಪೂರ್ತಿ ತೂತು. ಎಂಜಿನ್ ಓಡುವಾಗ ಹೆಬ್ಬೆರಳು ಒತ್ತಿ ಹಿಡಿದರೆ ಚರ್ಮ ಒಳಗೆ ಎಳೆಯುತ್ತದೆ, ಮುಳ್ಳು ತಕ್ಷಣ 700ಕ್ಕೆ ಬಂದು ನಿಲ್ಲುತ್ತದೆ. ಕೈ ತೆಗೆದರೆ ಮತ್ತೆ ಕುಣಿತ.

ಥ್ರಾಟಲ್ ತೊಳೆಯುವಾಗ ಇದೇ ಕವರ್ ಬಿಚ್ಚಿರುತ್ತಾರಲ್ಲ, ಆ ಸಿಪ್ಪೆ ಅವರಿಗೆ ಕಾಣಲಿಲ್ಲವಾ?

ಜೆಸಿರೋಡ್_ಮಾವ

ಕಡಲೆಕಾಯಿ ಪರಿಷೆ ಮುಗಿದ ಮೇಲೆ ಬಸವನಗುಡಿ ಸುತ್ತಮುತ್ತಲಿನ ಇಲಿಗಳಿಗೆ ಸೀಸನ್ ಸಾರ್. ಬಿಸಿ ಎಂಜಿನ್ ಮೇಲೆ ಕೂತು ಕಡಲೆಕಾಯಿ ತಿಂದಿದೆ, ಬಾಯಾಡಿಸಲು ಹೋಸ್ ಕಡಿದಿದೆ.

ಹೋಸ್ ಒರಿಜಿನಲ್ಲೇ ಹಾಕಿ. ಸಿಗುವವರೆಗೆ ಅಂತ ಸಾದಾ ನೀರಿನ ಪೈಪ್ ತುಂಡು ಹಾಕುವವರಿದ್ದಾರೆ, ಆಯಿಲ್ ಆವಿಗೆ ಅದು ಬೇಗ ಉಬ್ಬಿ ಮೆತ್ತಗಾಗುತ್ತದೆ. ಹೋಸ್ ಬಿಚ್ಚಿದಾಗ ಪಿಸಿವಿ ವಾಲ್ವ್ ಕೂಡ ತೆಗೆದು ಅಲ್ಲಾಡಿಸಿ. ಟಕಟಕ ಅಂದರೆ ಸರಿ. ಸದ್ದಿಲ್ಲದಿದ್ದರೆ ಒಳಗೆ ಅಂಟಿಕೊಂಡಿದೆ, ಬದಲಿಸಿ.

ರಾಜಾಜಿನಗರ_ಇನ್ನೋವಾ

ಇಲಿ ವಿಷಯಕ್ಕೆ ಬಂದರೆ ನಮ್ಮ ಅಪಾರ್ಟ್‌ಮೆಂಟ್‌ನಲ್ಲಿ ಎಲ್ಲ ಪ್ರಯೋಗವೂ ಆಗಿದೆ. ನುಸಿಗುಳಿಗೆ ಇಟ್ಟರೆ ವಾಸನೆ ಎಸಿ ಮೂಲಕ ನಮಗೇ ಬರುತ್ತದೆ, ಎಂಜಿನ್ ಬಿಸಿಗೆ ಬೇಗ ಕರಗಿಯೂ ಹೋಗುತ್ತದೆ. ಹೊಗೆಸೊಪ್ಪು ಸ್ವಲ್ಪ ಪರವಾಗಿಲ್ಲ, ಒಣಗಿದ ಮೇಲೆ ಬದಲಿಸುತ್ತಿರಬೇಕು. ಕೊನೆಗೆ ಕೆಲಸಕ್ಕೆ ಬಂದಿದ್ದು ಪಾರ್ಕಿಂಗ್ ಪಕ್ಕದ ಕಸದ ಡ್ರಮ್ ಎತ್ತಿಸಿದ್ದು. ಕೆಲವರು ಏರ್ ಫಿಲ್ಟರ್ ಬಾಯಿಗೆ ಸೊಳ್ಳೆ ಪರದೆಯಂಥ ಜಾಲರಿ ಕಟ್ಟುತ್ತಾರೆ. ದಯವಿಟ್ಟು ಬೇಡ. ಧೂಳು ಕಟ್ಟಿ ಗಾಳಿಯೇ ನಿಲ್ಲುತ್ತದೆ.

ಫಿಲ್ಟರ್ ಬಾಕ್ಸ್ ಒಮ್ಮೆ ತೆರೆದು ನೋಡಿ ಆಲ್ಟಿಸ್ ಅವರೇ. ನಮ್ಮ ಗಾಡಿಯಲ್ಲಿ ಅದರೊಳಗೆ ಹತ್ತಿ, ದಾರ ಎಲ್ಲ ತಂದು ಗೂಡೇ ಕಟ್ಟಿತ್ತು.

ಗವಿಪುರ_ಆಲ್ಟಿಸ್

ನೋಡಿದೆ ಮೇಡಂ, ಗೂಡು ಇಲ್ಲ. ಆದರೆ ಫಿಲ್ಟರ್ ಮಣ್ಣಿನ ಬಣ್ಣಕ್ಕೆ ತಿರುಗಿದೆ. ದಿನಾ ಸಿಲ್ಕ್ ಬೋರ್ಡ್‌ನಿಂದ ರಿಂಗ್ ರೋಡ್ ಹಿಡಿದು ಹೋಗುತ್ತೇನೆ, ಮೆಟ್ರೋ ಕಾಮಗಾರಿಯ ಧೂಳೆಲ್ಲ ಅದರಲ್ಲೇ ಇದೆ.

ಹೊಸ ಹೋಸ್ ಹಾಕಿಸಿದೆ. ಐಡಲ್ ಗಟ್ಟಿಯಾಗಿ ನಿಂತಿದೆ. ಟ್ರಿಮ್ ಐಡಲ್‌ನಲ್ಲಿ ಪ್ಲಸ್ 8, 2500ರಲ್ಲೂ ಪ್ಲಸ್ 8. ಇಷ್ಟಕ್ಕೆ ಬಿಡಲಾ? ಪಿಕಪ್ ಮಾತ್ರ ಮೊದಲಿನ ಹಾಗಿಲ್ಲ ಅನ್ನಿಸುತ್ತದೆ.

ಸ್ಕ್ಯಾನರ್_ಸ್ವಾಮಿ

ಎರಡು ಕಡೆಯೂ ಸಮ ಇದ್ದರೂ ಪಿಕಪ್ ಇಲ್ಲ ಅಂದಿರಲ್ಲ, ಈಗ ಸೆನ್ಸರ್ ಸರದಿ. ಐಡಲ್‌ನಲ್ಲಿ ಅದನ್ನು ಹಿಡಿಯುವುದು ಕಷ್ಟ, ಜಾಸ್ತಿ ಗಾಳಿ ಬಂದಾಗ ಸಿಕ್ಕಿಬೀಳುತ್ತದೆ. ಎಂಜಿನ್‌ನ ಹಾರ್ಸ್ ಪವರ್ ಅನ್ನು 0.8ರಿಂದ ಗುಣಿಸಿ. ಪೂರ್ತಿ ಆಕ್ಸಿಲರೇಟರ್ ಕೊಟ್ಟು, ಪವರ್ ತುದಿ ಮುಟ್ಟುವ ಆರ್‌ಪಿಎಂನಲ್ಲಿ ಸೆಕೆಂಡಿಗೆ ಸುಮಾರು ಅಷ್ಟು ಗ್ರಾಂ ಗಾಳಿ ಕಾಣಬೇಕು. ನಿಮ್ಮದು 138, ಅಂದರೆ 110. ಅದು ಸಮುದ್ರ ಮಟ್ಟದ ಲೆಕ್ಕ. ಇಲ್ಲಿ ಗಾಳಿ ಹತ್ತರಲ್ಲಿ ಒಂದು ಪಾಲು ತೆಳು, ಹಾಗಾಗಿ 100ರ ಹತ್ತಿರ ಬಂದರೆ ಒಳ್ಳೆಯದು. ಮೊದಲು ಹೊಸ ಏರ್ ಫಿಲ್ಟರ್ ಹಾಕಿ, ಇಲ್ಲದಿದ್ದರೆ ಲೆಕ್ಕ ತಪ್ಪುತ್ತದೆ. ನೈಸ್ ರಸ್ತೆ ಖಾಲಿ ಇದ್ದಾಗ ಎರಡನೇ ಗೇರ್‌ನಲ್ಲಿ ಎಳೆಯಿರಿ, ವೇಗ ಮಿತಿ ನೋಡಿಕೊಂಡು. ಫೋನ್ ನೋಡುವ ಕೆಲಸ ಪಕ್ಕದ ಸೀಟಿನವರಿಗೆ ಕೊಡಿ, ಇಲ್ಲವೇ ಆಪ್‌ನಲ್ಲಿ ರೆಕಾರ್ಡ್ ಹಾಕಿ.

ಗವಿಪುರ_ಆಲ್ಟಿಸ್

ಹೊಸ ಫಿಲ್ಟರ್ ಹಾಕಿ ನೋಡಿದೆ. ತಮ್ಮ ಫೋನ್ ಹಿಡಿದಿದ್ದ. 6000 ದಾಟಿದಾಗ 79. ಎರಡನೇ ಸಲವೂ ಅಷ್ಟೇ.

ಸ್ಕ್ಯಾನರ್_ಸ್ವಾಮಿ

100ರ ಜಾಗದಲ್ಲಿ 79. ಈಗ ತೊಳೆಯಿರಿ.

ಆ ತಂತಿ ಏನು ಮಾಡುತ್ತದೆ ಅಂದರೆ, ಅದನ್ನು ಕರೆಂಟ್ ಕೊಟ್ಟು ಒಂದು ಮಟ್ಟದ ಬಿಸಿಯಲ್ಲಿ ಇಟ್ಟಿರುತ್ತಾರೆ. ಮೇಲೆ ಗಾಳಿ ಹಾದುಹೋದಾಗ ತಣಿಯುತ್ತದೆ. ಬಿಸಿ ಉಳಿಸಿಕೊಳ್ಳಲು ಎಷ್ಟು ಕರೆಂಟ್ ಬೇಕಾಯಿತು ಎನ್ನುವುದರಿಂದ ಗಾಳಿಯ ತೂಕ ಗೊತ್ತಾಗುತ್ತದೆ. ಧೂಳು ಕೂತರೆ ತಂತಿ ಕಂಬಳಿ ಹೊದ್ದ ಹಾಗೆ, ಎಷ್ಟೇ ಗಾಳಿ ಬೀಸಿದರೂ ತಣಿಯುವುದಿಲ್ಲ. ಇಸಿಯು ಗಾಳಿ ಕಡಿಮೆ ಎಂದುಕೊಂಡು ಪೆಟ್ರೋಲ್ ಕಡಿಮೆ ಹಾಕುತ್ತದೆ. ಪಿಕಪ್ ಹೋಗುವುದು ಅಲ್ಲಿಯೇ.

ರಾಜಾಜಿನಗರ_ಇನ್ನೋವಾ

ನಮ್ಮದು ಇನ್ನೋವಾ 2.0 ಪೆಟ್ರೋಲ್, ಅದರಲ್ಲಿ ಇದೇ ಥರದ ಸೆನ್ಸರ್ ಇದೆ. ಏರ್ ಫಿಲ್ಟರ್ ಬದಲಿಸುವಾಗೆಲ್ಲ ನಾನೇ ತೊಳೆಯುತ್ತೇನೆ. ಮಾಡುವ ರೀತಿ ಹೇಳುತ್ತೇನೆ.

ಎಂಜಿನ್ ತಣ್ಣಗಿರಲಿ, ಕೀ ತೆಗೆದಿಡಿ. ಸೆನ್ಸರ್ ಇರುವುದು ಫಿಲ್ಟರ್ ಬಾಕ್ಸ್ ದಾಟಿದ ಕೂಡಲೇ, ಐದು ವೈರಿನ ಕನೆಕ್ಟರ್ ಇರುತ್ತದೆ. ಬಿಚ್ಚುವ ಮೊದಲು ಸುತ್ತ ಒದ್ದೆ ಬಟ್ಟೆಯಲ್ಲಿ ಒರೆಸಿ, ಇಲ್ಲದಿದ್ದರೆ ಮೇಲಿನ ಮಣ್ಣೆಲ್ಲ ಒಳಗೆ ಉದುರುತ್ತದೆ. ಕನೆಕ್ಟರ್ ಲಾಕ್ ಒತ್ತಿ ಎಳೆಯಿರಿ, ವೈರ್ ಹಿಡಿದು ಎಳೆಯಬೇಡಿ. ಇಷ್ಟು ವರ್ಷ ಬಿಸಿ ತಿಂದ ಪ್ಲಾಸ್ಟಿಕ್, ಆತುರ ಮಾಡಿದರೆ ಪಟ್ ಅನ್ನುತ್ತದೆ. ಎರಡು ಸ್ಟಾರ್ ಸ್ಕ್ರೂ. ಸರಿಯಾದ ಸೈಜಿನ ಸ್ಕ್ರೂಡ್ರೈವರ್ ಅನ್ನು ಗಟ್ಟಿಯಾಗಿ ಒತ್ತಿ ತಿರುಗಿಸಿ, ತಲೆ ಸವೆದರೆ ಆಮೇಲೆ ಅಳಬೇಕು.

ನೇರಕ್ಕೆ ಮೇಲೆ ಎಳೆದರೆ ಬರುತ್ತದೆ. ಹೊರಗಡೆ ಒಂದು ಸಣ್ಣ ಗುಂಡು ಕಾಣುತ್ತದಲ್ಲ, ಅದು ಗಾಳಿಯ ಉಷ್ಣತೆ ಅಳೆಯುವುದು. ಬಿಸಿ ತಂತಿ ಇರುವುದು ಕಿಂಡಿಯ ಒಳಗೆ. ಟಾರ್ಚ್ ಬಿಟ್ಟು ನೋಡಿ, ತಂತಿ ಹೊಳೆಯಬೇಕು. ನಮ್ಮದರಲ್ಲಿ ಮೊದಲ ಸಲ ನೋಡಿದಾಗ ಬೂದು ಬಣ್ಣದ ನಾರು ಅಂಟಿಕೊಂಡಿತ್ತು.

ಮಾಸ್ ಏರ್ ಫ್ಲೋ ಕ್ಲೀನರ್ ಎಂದೇ ಬರೆದಿರುವ ಸ್ಪ್ರೇ ತೆಗೆದುಕೊಳ್ಳಿ. ಸಿಆರ್‌ಸಿ, ಲಿಕ್ವಿ ಮೋಲಿ ಎರಡೂ ಮಾಡುತ್ತವೆ. ಸೆನ್ಸರ್ ಬಾಯಿ ಕೆಳಗೆ ಮಾಡಿ ಹಿಡಿದು, ಅರ್ಧ ಗೇಣು ದೂರದಿಂದ ಸಣ್ಣ ಸಣ್ಣದಾಗಿ ಚಿಮ್ಮಿಸಿ. ಹತ್ತು ಹದಿನೈದು ಸಲ. ಕೊಳವೆಯನ್ನು ಕಿಂಡಿಯೊಳಗೆ ತೂರಿಸಬೇಡಿ. ಕೆಳಗೆ ಬಿಳಿ ಬಟ್ಟೆ ಹಾಸಿದರೆ ಕಪ್ಪು ಹನಿ ಬೀಳುವುದು ನಿಂತಾಗ ಗೊತ್ತಾಗುತ್ತದೆ. ಊದಬೇಡಿ, ಕಂಪ್ರೆಸರ್ ಗಾಳಿ ಹಿಡಿಯಬೇಡಿ, ಹೇರ್ ಡ್ರೈಯರ್ ಬೇಡ. ಅರ್ಧ ಗಂಟೆ ಸುಮ್ನೆ ಇಟ್ಟುಬಿಡಿ, ಕಾಫಿ ಕುಡಿದು ಬನ್ನಿ. ಹಸಿಯಿದ್ದಾಗ ಹಾಕಿ ಕೀ ತಿರುಗಿಸಿದರೆ ಬಿಸಿ ತಂತಿಗೂ ಆ ದ್ರವಕ್ಕೂ ಆಗಿಬರುವುದಿಲ್ಲ.

ಹಾಕುವಾಗ ರಬ್ಬರ್ ರಿಂಗ್ ನೋಡಿ. ಅದು ಹರಿದಿದ್ದರೆ ಅಥವಾ ಮಡಚಿ ಕೂತರೆ ನೀವೇ ಹೊಸ ಸೋರಿಕೆ ಮಾಡಿದ ಹಾಗೆ.

ಕೆಂಗೇರಿ_ಸ್ವಿಫ್ಟ್

ಅಕ್ಕ, ಆ ಸ್ಪ್ರೇ ಸಿಗದಿದ್ದರೆ ಬ್ರೇಕ್ ಕ್ಲೀನರ್?

ರಾಜಾಜಿನಗರ_ಇನ್ನೋವಾ

ಬೇಡಪ್ಪ. ಅದೂ ಪ್ಲಾಸ್ಟಿಕ್‌ಗೆ ಕಷ್ಟ. ಎಸ್‌ಪಿ ರೋಡ್‌ನ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ 99 ಶೇಕಡದ ಐಸೊಪ್ರೊಪೈಲ್ ಆಲ್ಕೊಹಾಲ್ ಸಿಗುತ್ತದೆ, ಸರ್ಕ್ಯೂಟ್ ಬೋರ್ಡ್ ತೊಳೆಯುವುದು. ಸ್ಪ್ರೇ ಬಾಟಲಿಗೆ ಹಾಕಿ ಬಳಸಬಹುದು. ಮೆಡಿಕಲ್ ಶಾಪಿನ ಸ್ಯಾನಿಟೈಜರ್ ಅಲ್ಲ, ಅದರಲ್ಲಿ ನೀರು, ಗ್ಲಿಸರಿನ್ ಎಲ್ಲ ಇರುತ್ತದೆ.

ಜೆಸಿರೋಡ್_ಮಾವ

ಮೇಡಂ ಬರೆದದ್ದಕ್ಕೆ ನಾನು ಸೇರಿಸುವುದು ಒಂದೇ. ತೊಳೆದರೂ ಸರಿಹೋಗದೆ ಹೊಸದೇ ಬೇಕಾದರೆ ಅಗ್ಗದ ನಕಲಿಗೆ ಹೋಗಬೇಡಿ. ಟೊಯೊಟಾಗೆ ಬರುವುದು ಡೆನ್ಸೊ. ನಮ್ಮ ರಸ್ತೆಯಲ್ಲೂ ಅದೇ ಹೆಸರು ಅಚ್ಚು ಹಾಕಿದ ಡೂಪ್ಲಿಕೇಟ್ ಓಡಾಡುತ್ತದೆ, ನೋಡಲು ತದ್ರೂಪ. ಹಾಕಿದ ದಿನವೇ ಟ್ರಿಮ್ 15 ತೋರಿಸುತ್ತದೆ. ಬಿಲ್ ಕೊಡದ ಅಂಗಡಿಯಲ್ಲಿ ಸೆನ್ಸರ್ ತೆಗೆದುಕೊಳ್ಳಬೇಡಿ. ಶಿವಾಜಿನಗರದ ಗುಜರಿಯಲ್ಲಿ ಸಿಗುವ ಹಳೇ ಒರಿಜಿನಲ್, ತೊಳೆದು ಹಾಕಿದರೆ, ಈ ಹೊಸ ನಕಲಿಗಿಂತ ಎಷ್ಟೋ ಮೇಲು.

ಆಯಿಲ್ ಹಚ್ಚುವ ಥರದ ರೇಸಿಂಗ್ ಫಿಲ್ಟರ್ ಹಾಕಿದವರು ಆಯಿಲ್ ಜಾಸ್ತಿ ಹಚ್ಚಬೇಡಿ. ಅದು ಹಾರಿ ಬಂದು ತಂತಿಗೇ ಮೆತ್ತಿಕೊಳ್ಳುವುದು.

ಗವಿಪುರ_ಆಲ್ಟಿಸ್

ತೊಳೆದೆ. ಬಿಳಿ ಬಟ್ಟೆ ಮೇಲೆ ಮೊದಲು ಟೀ ಬಣ್ಣದ ಹನಿ ಬಿತ್ತು, ಆಮೇಲೆ ತಿಳಿಯಾಯಿತು. ಬ್ಯಾಟರಿ ನೆಗೆಟಿವ್ ಬಿಚ್ಚಿ ಹಾಕಿ, ಹಳೇ ಟ್ರಿಮ್ ಅಳಿಸಿ, ಒಂದಷ್ಟು ದಿನ ಓಡಿಸಿ ನೋಡಿದೆ. ಐಡಲ್‌ನಲ್ಲಿ ಪ್ಲಸ್ 4, 2500ರಲ್ಲಿ ಪ್ಲಸ್ 4. ನೈಸ್ ರಸ್ತೆಯಲ್ಲಿ 97 ಗ್ರಾಂ. ಪಿಕಪ್ ವಾಪಸ್ ಬಂದಿದೆ. ಸೆನ್ಸರ್ ಹಳೆಯದೇ. ಆ 4 ಯಾಕೆ ಉಳಿದಿದೆ?

ಸ್ಕ್ಯಾನರ್_ಸ್ವಾಮಿ

ಅದು ಪೆಟ್ರೋಲಿನದು, ಬಿಟ್ಟುಬಿಡಿ. ಈಗ ಬಂಕ್‌ಗಳಲ್ಲಿ ಬರುವುದು ಇ20, 20 ಶೇಕಡ ಎಥೆನಾಲ್. 2023ರ ಫೆಬ್ರವರಿಯಲ್ಲಿ ನಮ್ಮ ಬೆಂಗಳೂರಿನಲ್ಲೇ ಅದಕ್ಕೆ ಚಾಲನೆ ಕೊಟ್ಟಿದ್ದು. ಬರೀ ಪೆಟ್ರೋಲ್ ಒಂದು ಗ್ರಾಂ ಉರಿಯಲು 14.7 ಗ್ರಾಂ ಗಾಳಿ ಬೇಕು, ಎಥೆನಾಲ್‌ಗೆ 9 ಸಾಕು. ಅಂದರೆ ಅಷ್ಟೇ ಗಾಳಿಗೆ ಎಥೆನಾಲ್ ಜಾಸ್ತಿ ಸುರಿಯಬೇಕು. 2012ರ ಗಾಡಿಯ ಲೆಕ್ಕ ಇ20ಗೆ ಮಾಡಿದ್ದಲ್ಲ, ಆದ್ದರಿಂದ ಇಸಿಯು ಸದಾ ನಾಲ್ಕೈದು ಶೇಕಡ ಸೇರಿಸುತ್ತಲೇ ಇರುತ್ತದೆ. ಹಳೇ ವಿಡಿಯೋಗಳಲ್ಲಿ ಸೊನ್ನೆ ಇರಬೇಕು ಅನ್ನುವುದನ್ನು ಕೇಳಿ ತಲೆ ಕೆಡಿಸಿಕೊಳ್ಳಬೇಡಿ. ಎಥೆನಾಲ್‌ಗೆ ಹಳೇ ರಬ್ಬರ್ ಬೇಗ ಗಟ್ಟಿಯಾಗುವ ಭಯ ಇದೆ, ಪೆಟ್ರೋಲ್ ಹೋಸ್‌ಗಳ ಮೇಲೆ ಮಾತ್ರ ಒಂದು ಕಣ್ಣಿಡಿ.

ಹಳೇ_ಡೀಸೆಲ್

1.3 ಡೀಸೆಲ್ ಸ್ವಿಫ್ಟ್‌ಗೆ ಇದೆಲ್ಲ ಅನ್ವಯ ಆಗುತ್ತಾ? ನಂದೂ ನಡುಗುತ್ತದೆ.

ಜೆಸಿರೋಡ್_ಮಾವ

ನಿಮ್ಮದರಲ್ಲಿ ಏರ್ ಫ್ಲೋ ಸೆನ್ಸರ್ ಇದೆ, ತೊಳೆಯುವ ರೀತಿಯೂ ಇದೇ. ಆದರೆ ಡೀಸೆಲ್‌ನಲ್ಲಿ ಅದರ ಮುಖ್ಯ ಕೆಲಸ ಇಜಿಆರ್ (ಹೊಗೆಯ ಒಂದು ಪಾಲನ್ನು ಮತ್ತೆ ಎಂಜಿನ್‌ಗೆ ಬಿಡುವ ವ್ಯವಸ್ಥೆ) ಮತ್ತು ಹೊಗೆಯ ಲೆಕ್ಕ. ಕೊಳಕಾದರೆ ಪಿಕಪ್ ಹೋಗುತ್ತದೆ, ಹೊಗೆ ಹೆಚ್ಚು ಕಡಿಮೆ ಆಗುತ್ತದೆ. ಐಡಲ್‌ನಲ್ಲಿ ನಡುಗುವುದಕ್ಕೆ ಡೀಸೆಲ್‌ನಲ್ಲಿ ಮೊದಲು ಇಂಜೆಕ್ಟರ್ ನೋಡಬೇಕು. ಲೀಕ್ ಆಫ್ ಟೆಸ್ಟ್ ಮಾಡಿಸಿ. ನಾಲ್ಕು ಇಂಜೆಕ್ಟರ್‌ನಿಂದ ವಾಪಸ್ ಬರುವ ಡೀಸೆಲ್ ನಾಲ್ಕು ಬಾಟಲಿಯಲ್ಲಿ ಹಿಡಿಯುತ್ತಾರೆ, ಯಾವುದರಲ್ಲಿ ಜಾಸ್ತಿ ತುಂಬಿತೋ ಅದು ಹೋಗಿದೆ. ಟ್ರಿಮ್ ಲೆಕ್ಕ ಮಾತ್ರ ಡೀಸೆಲ್‌ಗೆ ಹೊಂದುವುದಿಲ್ಲ.

ಕೆಂಗೇರಿ_ಸ್ವಿಫ್ಟ್

ಮಾವ, ಕೊನೆಗೆ ನನ್ನದೂ ಒಂದು. ಎಸಿ ಹಾಕಿ ಸಿಗ್ನಲ್‌ನಲ್ಲಿ ನಿಂತರೆ ಡ್ಯಾಶ್‌ಬೋರ್ಡ್ ಗರಗರ ಅನ್ನುತ್ತದೆ. ಟ್ರಿಮ್ ಸರಿ ಇದೆ, ಮ್ಯಾಪ್ 91 ಸರಿ ಇದೆ, ಮುಳ್ಳು ಅಲುಗುವುದಿಲ್ಲ. ಮ್ಯಾಪ್ ಸೆನ್ಸರ್ ಬಿಚ್ಚಿ ತೊಳೆಯಲಾ?

ಜೆಸಿರೋಡ್_ಮಾವ

ಮುಳ್ಳು ನಿಂತಿದೆ ಅಂತ ನೀವೇ ಹೇಳುತ್ತಿದ್ದೀರಲ್ಲ, ಮೌಂಟಿಂಗ್ ನೋಡಿ. ಹ್ಯಾಂಡ್ ಬ್ರೇಕ್ ಎಳೆದು, ಬ್ರೇಕ್ ಒತ್ತಿ, ಒಬ್ಬರನ್ನು ಬಾನೆಟ್ ಪಕ್ಕ ನಿಲ್ಲಿಸಿ, ಮುಂದೆ ಅಲ್ಲ. ಮೊದಲನೇ ಗೇರ್‌ನಲ್ಲಿ ಕ್ಲಚ್ ಒಂಚೂರೇ ಬಿಡಿ, ಆಮೇಲೆ ರಿವರ್ಸ್‌ನಲ್ಲಿ ಹಾಗೇ ಮಾಡಿ. ಎಂಜಿನ್ ಎದ್ದು ಕೂತರೆ ಮೌಂಟಿಂಗ್ ರಬ್ಬರ್ ಹರಿದಿದೆ. ಬದಲಿಸುವಾಗ ಗೇರ್‌ಬಾಕ್ಸ್ ಕಡೆಯದ್ದು, ಕೆಳಗಿನದ್ದು ಎರಡನ್ನೂ ನೋಡಲು ಹೇಳಿ, ಒಂದೇ ಬದಲಿಸಿ ಕಳಿಸಿಬಿಡುತ್ತಾರೆ. ಆ ಮ್ಯಾಪ್ ಸೆನ್ಸರ್ ಅದರ ಪಾಡಿಗೆ ಇರಲಿ.